ಕೂಡುವುದು ಬೇರೆ, ಬಾಳಿಕೆ ಬರುವುದು ಬೇರೆ: ಹಳೆಯ ಕಾರುಗಳ ಕ್ರ್ಯಾಂಕ್‌ಶಾಫ್ಟ್ ಕುರಿತು

(ಬೆಳಗಾವಿಯ ಉದ್ಯಮಬಾಗದಲ್ಲಿ ಹಳೆಯ ಕಾರುಗಳ ಮಾಲೀಕರು, ಗ್ಯಾರೇಜಿನವರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲೆ ಎರಡು ಕ್ರ್ಯಾಂಕ್‌ಶಾಫ್ಟ್‌ಗಳನ್ನು, ಅಂದರೆ ಪಿಸ್ಟನ್ನುಗಳ ಏರಿಳಿತವನ್ನು ತಿರುಗಾಟವಾಗಿಸುವ ಶಾಫ್ಟ್‌ಗಳನ್ನು, ಇಟ್ಟಿದ್ದೇನೆ. ದೂರದಿಂದ ನೋಡಿದರೆ ಇವು ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಎರಡಕ್ಕೂ ಬ್ಲಾಕಿನ ಬೇರಿಂಗುಗಳಲ್ಲಿ ಕೂತು ತಿರುಗುವ ಮೂರು ಮೇನ್ ಜರ್ನಲ್‌ಗಳಿವೆ, ಪಿಸ್ಟನ್ನಿನ ರಾಡುಗಳು ಕೂಡುವ ನಾಲ್ಕು ಪಿನ್‌ಗಳಿವೆ, ಎರಡರ ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) ಕೂಡ 88.9 ಮಿ.ಮೀ., ಅಂದರೆ ಸರಿಯಾಗಿ ಮೂರೂವರೆ ಇಂಚು. ಎಡಗಡೆಯದು ನಮ್ಮ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿನದು. ಬಲಗಡೆಯದು ಇಂಗ್ಲೆಂಡಿನ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನ ಮೊದಲ ವರ್ಷಗಳ 1798 ಸಿಸಿ ಎಂಜಿನ್ನಿನದು. ಎರಡೂ ಒಂದೇ ವಂಶದವು, ಬಿಎಂಸಿ, ಅಂದರೆ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಕಂಪನಿಯ ಬಿ ಸೀರೀಸ್ ಎಂಬ ಮನೆತನಕ್ಕೆ ಸೇರಿದವು. ಬಲಗಡೆಯದನ್ನು ಹೊರದೇಶದಿಂದ ತರಿಸಿದ ಗೆಳೆಯರು ಇದೇ ಸಭೆಯಲ್ಲಿ ಕುಳಿತಿದ್ದಾರೆ. ತಮ್ಮ ಅಂಬಾಸಿಡರ್‌ಗೆ ಅದನ್ನು ಹಾಕಬಹುದೆಂದು ನಂಬಿ ತರಿಸಿದ್ದರು. ಹೆಸರು ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಅವರ ಲೆಕ್ಕದಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವಂಶ ಒಂದೇ, ಸ್ಟ್ರೋಕ್ ಒಂದೇ, ಬೇರಿಂಗುಗಳ ಸಂಖ್ಯೆ ಒಂದೇ. ಕನೆಕ್ಟಿಂಗ್ ರಾಡ್ ಕೂಡುವ ಪಿನ್ನಿನ ವ್ಯಾಸವೂ ಎರಡರಲ್ಲಿ ಒಂದೇ, ಸುಮಾರು 1.876 ಇಂಚು. ಆದರೆ ಮೇನ್ ಜರ್ನಲ್‌ಗೆ ಮೈಕ್ರೋಮೀಟರ್ ಹಿಡಿದಾಗ ಕಥೆ ಬದಲಾಗುತ್ತದೆ. ಅಂಬಾಸಿಡರ್‌ನದು 2 ಇಂಚು, ಎಂಜಿಬಿಯದು 2.126 ಇಂಚು. ನಮ್ಮ ಮಿಸ್ತ್ರಿಗಳ ಭಾಷೆಯಲ್ಲಿ ಹೇಳುವುದಾದರೆ ಒಂದು ಸೂತಿನ, ಅಂದರೆ ಇಂಚಿನ ಎಂಟನೆಯ ಒಂದಂಶದ ವ್ಯತ್ಯಾಸ. ಬಡಗಿಗೆ ಒಂದು ಸೂತು ದೊಡ್ಡ ಮಾತಲ್ಲ. ಕ್ರ್ಯಾಂಕ್ ಗ್ರೈಂಡ್ ಮಾಡುವವನಿಗೆ ಅದು ಊರಿಂದ ಊರಿಗಿರುವ ದೂರ. ನಾವು ಕೆಲಸ ಮಾಡುವುದು ಇಂಚಿನ ಸಾವಿರದ ಒಂದಂಶದಲ್ಲಿ, ಕಾರ್ಖಾನೆಯಲ್ಲಿ ಎಲ್ಲರೂ ‘ಥೌ’ ಎನ್ನುವ ಅಳತೆಯಲ್ಲಿ. ಆ ಲೆಕ್ಕದಲ್ಲಿ ಇದು 126 ಥೌ ವ್ಯತ್ಯಾಸ.

ನಾನು ಕೆಲಸ ಕಲಿತದ್ದು ಓದಿನಿಂದಲ್ಲ, ಒಬ್ಬ ಹಿರಿಯ ಮಿಸ್ತ್ರಿಯ ಕೈಕೆಳಗೆ. ಯಾರಾದರೂ ಮಾಲೀಕರು ಗುಜರಿಯಿಂದ ಹೆಕ್ಕಿ ತಂದ ಭಾಗವನ್ನು ಮುಂದಿಟ್ಟು ‘ಇದು ನಡಿತೈತೇನು?’ ಎಂದು ಕೇಳಿದರೆ ಅವರು ಭಾಗವನ್ನು ಎರಡು ಸಲ ತಿರುವಿ ನೋಡಿ, ‘ಸಾಹೇಬ್ರ, ಕೂಡ್ರೂದೇನ ಕೂಡ್ರತೈತ್ರೀ, ಬಾಳಿಕಿ ಬರಂಗಿಲ್ರಿ’ ಎನ್ನುತ್ತಿದ್ದರು. ಇವತ್ತು ನಾನು ಹೇಳಬೇಕೆಂದಿರುವುದು ಈ ಮಾತಿನ ವಿವರಣೆಯೇ. ಯಾವ ಭಾಗ ಯಾವ ಎಂಜಿನ್ನಿಗೆ ಆಗುತ್ತದೆ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕಾರಿನ ಹೆಸರಿನ ಮೇಲೆ, ಇಲ್ಲವೇ ಸಿಸಿಯ ಮೇಲೆ ತೀರ್ಮಾನಿಸುತ್ತೇವೆ. ಆದರೆ ಕ್ರ್ಯಾಂಕ್‌ಶಾಫ್ಟ್ ಎಂಬುದು ಹೆಸರನ್ನೂ ಕೇಳುವುದಿಲ್ಲ, ಸಿಸಿಯನ್ನೂ ಕೇಳುವುದಿಲ್ಲ. ಅದು ತನ್ನ ಜರ್ನಲ್, ಪಿನ್, ಎಣ್ಣೆಯ ದಾರಿ, ಮುಂದಿನ ಮೂತಿ, ಹಿಂದಿನ ಫ್ಲೇಂಜ್ ಇವುಗಳ ಲೆಕ್ಕವನ್ನು ಮಾತ್ರ ಕೇಳುತ್ತದೆ.

ಸಿಸಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಅಂಬಾಸಿಡರ್‌ನ ಇತಿಹಾಸದಲ್ಲೇ ಒಳ್ಳೆಯ ಉದಾಹರಣೆಯಿದೆ. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸೀರೀಸನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ತಯಾರಿಸಿದ ಮೊದಮೊದಲ ಅಂಬಾಸಿಡರ್‌ಗಳಲ್ಲಿ 1476 ಸಿಸಿಯ ಸೈಡ್ ವಾಲ್ವ್ ಎಂಜಿನ್ ಇತ್ತು. ಬಳಿಕ ಅದರ ಜಾಗಕ್ಕೆ 1489 ಸಿಸಿಯ ಓವರ್‌ಹೆಡ್ ವಾಲ್ವ್ ಎಂಜಿನ್ ಬಂತು. ವ್ಯತ್ಯಾಸ ಬರೀ 13 ಸಿಸಿ. ಕಾಗದದ ಮೇಲೆ ಓದಿದವರಿಗೆ ಇದು ಅದೇ ಎಂಜಿನ್ನಿನ ಸಣ್ಣ ತಿದ್ದುಪಡಿ ಎನ್ನಿಸಬಹುದು. ನಿಜದಲ್ಲಿ ಮೊದಲನೆಯದು ಮಾರಿಸ್ ಕಂಪನಿಯ ಸಂತಾನ, ಬೋರ್ (ಸಿಲಿಂಡರಿನ ವ್ಯಾಸ) 73.5 ಮಿ.ಮೀ., ಸ್ಟ್ರೋಕ್ 87 ಮಿ.ಮೀ.; ಎರಡನೆಯದು ಆಸ್ಟಿನ್ ಕಡೆಯಿಂದ ಬಂದ ವಿನ್ಯಾಸ, ಬೋರ್ 73.025, ಸ್ಟ್ರೋಕ್ 88.9. ಎರಡು ಬೀಗರ ಮನೆಗಳು ಒಂದಾದ ಮೇಲೆ, ಅಂದರೆ 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಬಳಗಗಳು ಸೇರಿ ಬಿಎಂಸಿ ಆದ ಮೇಲೆ, ಒಂದು ಮನೆಯ ಕಾರಿನೊಳಗೆ ಇನ್ನೊಂದು ಮನೆಯ ಎಂಜಿನ್ ಬಂತು. ಆದ್ದರಿಂದ ಸೈಡ್ ವಾಲ್ವ್ ಅಂಬಾಸಿಡರ್ ಇಟ್ಟುಕೊಂಡವರು ಓವರ್‌ಹೆಡ್ ಎಂಜಿನ್ನಿನ ಕ್ರ್ಯಾಂಕ್ ಸಿಕ್ಕಿತೆಂದು ಹಿಗ್ಗಬಾರದು. ಬಾಗಿಲು ಒಂದೇ ಇರಬಹುದು, ಬಾನೆಟ್ಟಿನ ಒಳಗಿನ ಸಂಸಾರವೇ ಬೇರೆ.

ಇದಕ್ಕೆ ತದ್ವಿರುದ್ಧವಾದದ್ದು ಬಿ ಸೀರೀಸ್ ವಂಶದ ಒಳಗಿನ ಕಥೆ. 1947ರ ಆಸ್ಟಿನ್ ಎ40 ಕಾರಿನ 1200 ಸಿಸಿ ಎಂಜಿನ್ನಿನಿಂದ ಶುರುವಾಗಿ 1489, 1588, 1622, 1798 ಸಿಸಿಯವರೆಗೆ ಈ ಎಂಜಿನ್ ಬೆಳೆಯಿತು. ಈ ಎಲ್ಲವುಗಳಲ್ಲಿ ಸ್ಟ್ರೋಕ್ ಮಾತ್ರ ಕದಲಲಿಲ್ಲ, 88.9 ಮಿ.ಮೀ.ಯಲ್ಲೇ ನಿಂತಿತು. ಬೋರ್ ಮಾತ್ರ 65.48ರಿಂದ 73.025, 75.4, 76.2, ಕೊನೆಗೆ 80.26 ಮಿ.ಮೀ.ಗೆ ಅಗಲವಾಯಿತು. ಅಂದರೆ 600 ಸಿಸಿಯಷ್ಟು ಹೆಚ್ಚಳವೆಲ್ಲ ಬ್ಲಾಕಿನ ರಂಧ್ರದಿಂದ ಬಂದದ್ದು, ಕ್ರ್ಯಾಂಕಿನ ತೋಳಿನಿಂದಲ್ಲ. ಇಲ್ಲಿ ಸಿಸಿ ಬಹಳ ಬದಲಾದರೂ ತೋಳು ಬದಲಾಗಲಿಲ್ಲ. ಆದರೂ ಜರ್ನಲ್ ದಪ್ಪವಾಯಿತು, ಏಕೆಂದರೆ ಅಗಲವಾದ ಪಿಸ್ಟನ್ನಿನ ಮೇಲೆ ಬೀಳುವ ಒತ್ತಡವನ್ನು ಹೊರಬೇಕಾದದ್ದು ಅದೇ ಕ್ರ್ಯಾಂಕ್. ಅದೂ ಸಾಲದಾಗಿ 1964ರ ಅಕ್ಟೋಬರಿನಿಂದ ಎಂಜಿಬಿಯಲ್ಲಿ ಮೂರರ ಬದಲು ಐದು ಮೇನ್ ಬೇರಿಂಗ್‌ಗಳ ಕ್ರ್ಯಾಂಕ್ ಬಂತು. ಆದ್ದರಿಂದ ‘ಎಂಜಿಬಿ ಕ್ರ್ಯಾಂಕ್’ ಎಂದು ಯಾರಾದರೂ ಹೇಳಿದರೆ ನನ್ನ ಮೊದಲ ಪ್ರಶ್ನೆ, ‘ಯಾವುದು, ಮೂರರದೋ ಐದರದೋ?’ ಎಂಬುದು. ಐದರದನ್ನು ಮೂರರ ಬ್ಲಾಕಿಗೆ ಹಾಕುವ ಪ್ರಶ್ನೆಯೇ ಇಲ್ಲ. ಅದನ್ನು ಹಿಡಿಯಲು ಬ್ಲಾಕಿನಲ್ಲಿ ಆಸರೆಯೇ ಇಲ್ಲ.

ಮೂರು ಬೇರಿಂಗಿನ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಪ್ರತಿ ಎರಡು ಪಿನ್‌ಗಳ ನಡುವೆ ಆಸರೆಯಿಲ್ಲದೆ ಕ್ರ್ಯಾಂಕ್ ತೂಗುತ್ತಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಮತ್ತು ಎರಡನೆಯ ಪಿನ್ನುಗಳು ಸೇರಿ ಒಂದು ಹೊರೆ, ಮೂರು ಮತ್ತು ನಾಲ್ಕನೆಯವು ಸೇರಿ ಇನ್ನೊಂದು; ನಡುವೆ ಒಂದೇ ಕಂಬ. ನಿಧಾನವಾಗಿ ಓಡಿಸುವ ಟ್ಯಾಕ್ಸಿಗೆ ಇದು ಧಾರಾಳವಾಗಿ ಸಾಕು. ವೇಗ ಏರಿದಂತೆ ಶಾಫ್ಟ್ ಸೂಕ್ಷ್ಮವಾಗಿ ಬಾಗುತ್ತದೆ, ಬಿಲ್ಲಿನ ಹಾಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ನಿಮಿಷಕ್ಕೆ ಸಾವಿರಾರು ಸಲ. ಹಳೆಯ ಕಾರುಗಳ ಕ್ರ್ಯಾಂಕ್ ಮುರಿಯುವುದು ಒಂದು ದೊಡ್ಡ ಏಟಿನಿಂದಲ್ಲ, ಈ ಸಣ್ಣ ಬಾಗುವಿಕೆಯ ದಣಿವಿನಿಂದ.

ಪ್ರೀಮಿಯರ್ ಪದ್ಮಿನಿಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ನಮ್ಮ ದೇಶದ ಪದ್ಮಿನಿಯ ಎಂಜಿನ್ 1089 ಸಿಸಿ, ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಇಟಲಿಯಲ್ಲಿ ಫಿಯಟ್ 1100 ಡಿ ಎಂಬ ಅದರ ಸಂಬಂಧಿಯಲ್ಲಿ ಬೋರ್ 72ಕ್ಕೆ ಏರಿ 1221 ಸಿಸಿ ಆಯಿತು, ಸ್ಟ್ರೋಕ್ ಮಾತ್ರ ಅದೇ 75. ಇಲ್ಲಿಯೂ ಹೆಚ್ಚಳ ಬೋರಿನದು. ಸ್ಟ್ರೋಕ್ ಒಂದೇ ಇದೆ ಎಂಬ ಕಾರಣಕ್ಕೆ ಕ್ರ್ಯಾಂಕ್ ಒಂದೇ ಎಂದು ತಿಳಿಯಬಾರದೆಂಬುದನ್ನು ಈಗಷ್ಟೇ ಎಂಜಿಬಿಯಲ್ಲಿ ನೋಡಿದೆವು, ಅಳೆದೇ ನಂಬಬೇಕು. ಪದ್ಮಿನಿಗೆ ದೇಸಿ ಕ್ರ್ಯಾಂಕ್‌ಗಳು ಹುಡುಕಿದರೆ ಇನ್ನೂ ಸಿಗುತ್ತವಾದ್ದರಿಂದ ಇಟಲಿಯ ಕಡೆ ಮುಖ ಮಾಡುವ ಅಗತ್ಯವೇ ಬೀಳುವುದಿಲ್ಲ. ಇನ್ನು ಪ್ರೀಮಿಯರ್ 118 ಎನ್‌ಇ ಕಾರನ್ನು ಪದ್ಮಿನಿಯ ತಮ್ಮನೆಂದು ಭಾವಿಸಿ ಬಿಡಿಭಾಗ ಹುಡುಕುವವರಿಗೆ ಒಂದು ಮಾತು: ಅದರ ಬಾಡಿ ಫಿಯಟ್ 124ರ ಮೂಲದ್ದು, ಎಂಜಿನ್ ಮಾತ್ರ ನಿಸ್ಸಾನಿನ 1171 ಸಿಸಿ ವಿನ್ಯಾಸ. ಕಂಪನಿಯ ಫಲಕ ಒಂದೇ, ರಕ್ತಸಂಬಂಧ ಇಲ್ಲ.

ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರಿಗೆ ಹೊರದೇಶದ ಬಿಡಿಭಾಗಗಳ ಆಸೆ ಹೆಚ್ಚು. ಮದರಾಸಿನಲ್ಲಿ ತಯಾರಾದ ಹೆರಾಲ್ಡಿನ ಎಂಜಿನ್ 948 ಸಿಸಿ. ಇಂಗ್ಲೆಂಡಿನಲ್ಲಿ ಅದೇ ಎಂಜಿನ್ 1147, 1296, ಕೊನೆಗೆ 1493 ಸಿಸಿಯವರೆಗೆ ಬೆಳೆದು ಟ್ರಯಂಫ್ ಸ್ಪಿಟ್‌ಫೈರ್ ಕಾರಿಗೆ ಹೋಯಿತು. 948, 1147, 1296 ಮೂರರಲ್ಲಿಯೂ ಸ್ಟ್ರೋಕ್ 76 ಮಿ.ಮೀ.; 1493ರಲ್ಲಿ ಮಾತ್ರ ಅದು 87.5 ಮಿ.ಮೀ. ಆಯಿತು. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು ಸರಳ ಅಂಕಗಣಿತ. ಸ್ಟ್ರೋಕ್ 11.5 ಮಿ.ಮೀ. ಹೆಚ್ಚಾದರೆ ಪಿಸ್ಟನ್ ಅದರ ಅರ್ಧದಷ್ಟು, ಅಂದರೆ 5.75 ಮಿ.ಮೀ. ಮೇಲಕ್ಕೆ ಬರುತ್ತದೆ, ಅಷ್ಟೇ ಕೆಳಕ್ಕೂ ಹೋಗುತ್ತದೆ. ರಾಡ್ ಮತ್ತು ಪಿಸ್ಟನ್ ಹಳೆಯವೇ ಇದ್ದರೆ ಪಿಸ್ಟನ್ ಬ್ಲಾಕಿನ ಮಟ್ಟವನ್ನು ದಾಟಿ ಹೆಡ್ಡಿಗೆ ತಲೆ ಬಡಿಯುತ್ತದೆ. ಆದ್ದರಿಂದ ಸ್ಟ್ರೋಕ್ ಬದಲಾದ ಕ್ರ್ಯಾಂಕ್ ಒಂಟಿಯಾಗಿ ಬರುವುದಿಲ್ಲ, ತನ್ನ ರಾಡು, ಪಿಸ್ಟನ್ನುಗಳ ಪರಿವಾರವನ್ನೆಲ್ಲ ಕರೆದುಕೊಂಡು ಬರುತ್ತದೆ.

ಎರಡನೆಯ ಪಾಠ ಇನ್ನೂ ಸೂಕ್ಷ್ಮವಾದದ್ದು. 1296 ಸಿಸಿ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಕ್ರ್ಯಾಂಕ್‌ಗಳಿವೆ. ಸ್ಪಿಟ್‌ಫೈರಿನ ನಾಲ್ಕನೆಯ ಮಾರ್ಕ್ (ಆವೃತ್ತಿ) 1970ರಲ್ಲಿ ಬಂದಾಗ ಬೋರ್ ಬದಲಾಗಲಿಲ್ಲ, ಸ್ಟ್ರೋಕ್ ಬದಲಾಗಲಿಲ್ಲ, ಆದರೆ ಪಿನ್ನಿನ ವ್ಯಾಸ 1.625 ಇಂಚಿನಿಂದ 1.875 ಇಂಚಿಗೆ ಏರಿತು. ಕಾರಣ ಎಂಜಿನಿಯರಿಂಗ್‌ಗಿಂತ ಹೆಚ್ಚಾಗಿ ಕಾರ್ಖಾನೆಯ ಲೆಕ್ಕಾಚಾರ: ಟಿಆರ್6 ಕಾರಿನ ಎರಡೂವರೆ ಲೀಟರ್ ಎಂಜಿನ್ನಿನ ಬಿಗ್ ಎಂಡ್ (ರಾಡು ಪಿನ್ನನ್ನು ಹಿಡಿಯುವ ತುದಿ) ಬೇರಿಂಗಿನ ಅಳತೆಯನ್ನೇ ಇಲ್ಲಿಯೂ ಬಳಸಿದರೆ ತಯಾರಿಕೆ ಸುಲಭವಾಗುತ್ತದೆ ಎಂಬುದು. ದಪ್ಪ ಪಿನ್ ಬಂದ ಮೇಲೆ ಎಂಜಿನ್ನಿನ ಮೊದಲಿನ ಚುರುಕು ಸ್ವಲ್ಪ ಕಡಿಮೆಯಾಯಿತು ಎಂದು ಆ ಕಾರಿನ ಪ್ರಿಯರು ಇವತ್ತಿಗೂ ಗೊಣಗುತ್ತಾರೆ; ಪಿನ್ ದಪ್ಪವಾದರೆ ಬೇರಿಂಗಿನಲ್ಲಿ ಉಜ್ಜುವ ವೇಗವೂ ತೂಕವೂ ಏರುವುದರಿಂದ ಅವರ ಗೊಣಗಾಟಕ್ಕೆ ಆಧಾರವಿದೆ ಎಂದೇ ನನ್ನ ಅಭಿಪ್ರಾಯ. ನಮಗೆ ಬೇಕಾದ ಮಾತು ಇಷ್ಟೇ, 1296 ಎಂದು ಹೇಳಿ ಬೇರಿಂಗ್ ತರಿಸಿದರೆ ಎರಡು ಸೂತು ವ್ಯತ್ಯಾಸದ ಶೆಲ್‌ಗಳು, ಅಂದರೆ ಪಿನ್ನನ್ನು ಸುತ್ತುವ ಅರೆವೃತ್ತದ ತೆಳು ಬೇರಿಂಗುಗಳು, ಬಂದು ಕೂರಬಹುದು.

ಇದು ಟ್ರಯಂಫ್ ಒಂದರದೇ ಖಯಾಲಿಯಲ್ಲ. ಅಮೆರಿಕದಲ್ಲಿ ಶೆವರ್ಲೆಯ ಸಣ್ಣ ವಿ8 ಎಂಜಿನ್ ಕೂಡ ಇದೇ ದಾರಿ ಹಿಡಿಯಿತು. 327 ಘನ ಇಂಚಿನ ಎಂಜಿನ್ 1967ರವರೆಗೆ 2.30 ಇಂಚಿನ ಮೇನ್, 2.00 ಇಂಚಿನ ಪಿನ್ ಹೊಂದಿತ್ತು. 1968ರಿಂದ ಅದೇ 327ಕ್ಕೆ 2.45 ಮತ್ತು 2.10 ಇಂಚಿನ ಅಳತೆ ಬಂತು. ಅಲ್ಲಿನ ಹವ್ಯಾಸಿಗಳು ಎಂಜಿನ್ನನ್ನು ಸಿಸಿಯಿಂದಲ್ಲ, ‘ಸಣ್ಣ ಜರ್ನಲ್’, ‘ದೊಡ್ಡ ಜರ್ನಲ್’ ಎಂಬ ಮಾತಿನಿಂದ ಗುರುತಿಸುವುದು ಈ ಕಾರಣಕ್ಕೆ. ನಮ್ಮಲ್ಲೂ ಆ ರೂಢಿ ಬಂದರೆ ಅರ್ಧ ಗೊಂದಲ ತೀರುತ್ತದೆ.

ಶೆವರ್ಲೆ ಎಂದಾಗ ಇನ್ನೊಂದು ವಿಷಯ. ಜನರಲ್ ಮೋಟರ್ಸ್ 1928ರಿಂದಲೇ ಮುಂಬೈಯಲ್ಲಿ ಕಾರು ಜೋಡಿಸುತ್ತಿತ್ತಾದ್ದರಿಂದ ಶೆವರ್ಲೆಯ ಆರು ಸಿಲಿಂಡರಿನ ಕಾರುಗಳು ನಮ್ಮ ಭಾಗದ ಹಳೆಯ ಮನೆತನಗಳಲ್ಲಿ ಇನ್ನೂ ಒಂದೊಂದು ಉಳಿದಿವೆ. ಅವುಗಳ 216 ಘನ ಇಂಚಿನ ಎಂಜಿನ್ನಿನಲ್ಲಿ ರಾಡಿನ ತುದಿಗೆ ಬೇರಿಂಗ್ ಶೆಲ್ ಇರಲಿಲ್ಲ. ರಾಡಿನ ಮೇಲೆಯೇ ಬಿಳಿಲೋಹವನ್ನು ಕರಗಿಸಿ ಎರೆದಿರುತ್ತಿದ್ದರು. ರಾಡಿನ ಕೆಳಗೆ ಸಣ್ಣ ಚಮಚದಂಥ ಮೂತಿಯಿದ್ದು, ಅದು ಆಯಿಲ್ ಚೇಂಬರಿನ ತೊಟ್ಟಿಯಿಂದ ಎಣ್ಣೆಯನ್ನು ಎರಚಿಕೊಳ್ಳುತ್ತಿತ್ತು. 235 ಘನ ಇಂಚಿನ ಎಂಜಿನ್ನಿನಲ್ಲಿ 1953ರಲ್ಲಿ ಕೆಲವಕ್ಕೆ, 1954ರಿಂದ ಎಲ್ಲಕ್ಕೂ ಪೂರ್ಣ ಒತ್ತಡದ ಎಣ್ಣೆಯ ವ್ಯವಸ್ಥೆ ಮತ್ತು ಶೆಲ್ ಬೇರಿಂಗ್ ಬಂದವು. ಹೊರಗಿನಿಂದ ಅಕ್ಕತಂಗಿಯರಂತಿರುವ ಈ ಎರಡು ಎಂಜಿನ್ನುಗಳ ನಡುವೆ ಕ್ರ್ಯಾಂಕ್ ಬದಲಿಸುವ ಮಾತಾಡುವಾಗ ವ್ಯಾಸಕ್ಕಿಂತ ಮೊದಲು ಕೇಳಬೇಕಾದದ್ದು, ಪಿನ್ನಿಗೆ ಎಣ್ಣೆ ಯಾವ ದಾರಿಯಿಂದ ಬರುತ್ತದೆ ಎಂಬುದನ್ನು. ನನ್ನ ಗುರುಗಳು ಬಿಳಿಲೋಹ ಎರೆದು, ಪಿನ್ನಿಗೆ ನೀಲಿ ಸವರಿ, ರಾಡನ್ನು ಕೂಡಿಸಿ ಬಿಚ್ಚಿ, ನೀಲಿ ಹತ್ತಿದ ಉಬ್ಬುಗಳನ್ನು ಸ್ಕ್ರೇಪರಿನಿಂದ ಕೆರೆಯುತ್ತ ಇಡೀ ದಿನ ಕೂರುತ್ತಿದ್ದುದನ್ನು ನಾನು ನೋಡಿದ್ದೇನೆ. ಆ ಕೈಚಳಕ ಬಲ್ಲವರು ಬೆಳಗಾವಿಯಲ್ಲಿ ಈಗ ಬೆರಳೆಣಿಕೆಯಷ್ಟು ಮಾತ್ರ.

ಕ್ಯಾಂಪಿನ ಊರಾದ ಬೆಳಗಾವಿಗೆ ಜೀಪು ಹೊಸದಲ್ಲ. ವಿಲ್ಲೀಸ್ ಜೀಪಿನ 2199 ಸಿಸಿ ಎಂಜಿನ್ನಿನಲ್ಲಿ ತೊಡಕು ಇರುವುದು ಕ್ರ್ಯಾಂಕಿನ ಮುಂದಿನ ಮೂತಿಯಲ್ಲಿ. ಯುದ್ಧಕಾಲದ ಎಂಜಿನ್ನುಗಳಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನು ತಿರುಗಿಸುತ್ತಿದ್ದುದು ಟೈಮಿಂಗ್ ಚೈನ್. ಯುದ್ಧ ಮುಗಿದ ಮೇಲಿನ ನಾಗರಿಕ ಜೀಪುಗಳಲ್ಲಿ ಚೈನ್ ಹೋಗಿ ಗೇರ್ ಬಂತು. ಚೈನ್ ಇದ್ದಾಗ ಕ್ಯಾಮ್ ಕ್ರ್ಯಾಂಕ್ ತಿರುಗಿದ ದಿಕ್ಕಿಗೇ ತಿರುಗುತ್ತದೆ, ಎರಡು ಗೇರ್‌ಗಳು ಕಚ್ಚಿಕೊಂಡಾಗ ಅದು ಎದುರು ದಿಕ್ಕಿಗೆ ತಿರುಗುತ್ತದೆ. ಆದ್ದರಿಂದ ಕ್ಯಾಮ್ ಬೇರೆ, ಅದರಿಂದ ಚಲನೆ ಪಡೆಯುವ ಆಯಿಲ್ ಪಂಪ್ ಬೇರೆ. ಬೋರ್ ಒಂದೇ, ಸ್ಟ್ರೋಕ್ ಒಂದೇ, ಬ್ಲಾಕಿನ ರೂಪವೂ ಒಂದೇ ಎಂದು ಎರಡು ಎಂಜಿನ್ನುಗಳ ಭಾಗಗಳನ್ನು ಕಲಸಿ ಜೋಡಿಸಿದ ಒಂದು ಜೀಪು ನಮ್ಮಲ್ಲಿಗೆ ಬಂದಿತ್ತು. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ನಮಗೆ ಗೊತ್ತಾದದ್ದು, ಗೇರಿನ ಎಂಜಿನ್ನಿಗೆ ಚೈನಿನ ಎಂಜಿನ್ನಿನ ಆಯಿಲ್ ಪಂಪ್ ಕೂಡಿಸಿದ್ದಾರೆಂದು. ಅದೃಷ್ಟಕ್ಕೆ ಇನ್ನೂ ಸ್ಟಾರ್ಟ್ ಮಾಡಿರಲಿಲ್ಲ.

ಇನ್ನು ಕ್ರ್ಯಾಂಕಿನ ಹಿಂಬದಿ. ಬಿಡಿಭಾಗ ಕೊಳ್ಳುವವರು ಜರ್ನಲ್ ನೋಡುತ್ತಾರೆ, ಪಿನ್ ನೋಡುತ್ತಾರೆ, ಹಿಂಬದಿಯನ್ನು ತಿರುವಿ ನೋಡುವುದಿಲ್ಲ. ಮೂರು ಬೇರಿಂಗಿನ ಬಿ ಸೀರೀಸ್ ಎಂಜಿನ್ನಿನಲ್ಲಿ ಹಿಂದೆ ರಬ್ಬರಿನ ಆಯಿಲ್ ಸೀಲ್ ಇಲ್ಲ. ಅದರ ಬದಲು ಶಾಫ್ಟಿನ ಮೇಲೆ ಸ್ಕ್ರೂವಿನಂಥ ಸುರುಳಿ ಗೀರು ಇರುತ್ತದೆ. ಶಾಫ್ಟ್ ತಿರುಗಿದಂತೆ ಆ ಸುರುಳಿ ಹೊರಕ್ಕೆ ಬರುವ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ದಯವಿಟ್ಟು ಈ ಮೇಜಿನ ಹತ್ತಿರ ಬಂದು ಬೆರಳಿನಿಂದ ಮುಟ್ಟಿ ನೋಡಿ, ಗೀರಿನ ಅಂಚು ಚೂಪಾಗಿರುವುದು ತಿಳಿಯುತ್ತದೆ. ಅಂಬಾಸಿಡರ್ ನಿಂತಲ್ಲೆಲ್ಲ ಎಣ್ಣೆ ಹನಿಸುತ್ತದೆ ಎಂಬ ದೂರಿನ ಮೂಲ ಬಹುಪಾಲು ಇಲ್ಲಿದೆ. ಎಂಜಿನ್ ನಿಂತಾಗ ಸುರುಳಿ ಕೆಲಸ ಮಾಡುವುದಿಲ್ಲ. ರಿಂಗ್ ಸವೆದು ಒಳಗಿನ ಗಾಳಿಯ ಒತ್ತಡ ಏರಿದಾಗ ಓಡುತ್ತಿದ್ದರೂ ತಡೆಯುವುದಿಲ್ಲ. ಎಷ್ಟೋ ಜನ ಸೀಲ್ ಬದಲಿಸಿ ಎಂದು ಗಾಡಿ ತಂದು ನಿಲ್ಲಿಸಿದ್ದಾರೆ. ಇಲ್ಲದ ಸೀಲನ್ನು ಹೇಗೆ ಬದಲಿಸುವುದು? ಮೊದಲು ಒಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪ್ ಕಟ್ಟಿದೆಯೇ ನೋಡಿ ಎಂದು ನಾನು ಹೇಳುತ್ತೇನೆ, ಎಷ್ಟೋ ಸಲ ಅಲ್ಲಿಗೆ ಸೋರಿಕೆ ಅರ್ಧಕ್ಕೆ ಇಳಿಯುತ್ತದೆ. ಐದು ಬೇರಿಂಗಿನ ಎಂಜಿನ್ನಿನಲ್ಲಿ ತುಟಿಯಿರುವ ಸೀಲ್ ಬಂತು, ಅದರಿಂದ ಶಾಫ್ಟಿನ ಹಿಂಬದಿಯ ರೂಪವೇ ಬದಲಾಯಿತು.

ಹಿಂಬದಿಯ ನಡುವೆ ಒಂದು ಸಣ್ಣ ರಂಧ್ರವಿದೆ, ಅದರಲ್ಲಿ ಹಿತ್ತಾಳೆ ಬಣ್ಣದ ಬುಷ್. ಗೇರ್‌ಬಾಕ್ಸಿನ ಶಾಫ್ಟಿನ ತುದಿ ಬಂದು ಕೂರುವುದು ಇಲ್ಲಿ. ಈ ಬುಷ್ಷಿನ ಅಳತೆ ಗೇರ್‌ಬಾಕ್ಸಿಗೆ ಸೇರಿದ್ದು, ಎಂಜಿನ್ನಿಗಲ್ಲ. ಫ್ಲೈವೀಲ್ ಬೋಲ್ಟುಗಳ ಸಂಖ್ಯೆ, ಅವುಗಳ ವೃತ್ತ, ರಿಂಗ್ ಗೇರಿನ ಹಲ್ಲು, ಅದಕ್ಕೆ ಹೊಂದುವ ಸ್ಟಾರ್ಟರ್ ಇವೆಲ್ಲ ಒಂದಕ್ಕೊಂದು ಕಟ್ಟಿಹಾಕಿದ ಸರಪಳಿ. ಕ್ರ್ಯಾಂಕ್ ಬದಲಿಸಲು ಹೋಗಿ ಕೊನೆಗೆ ಸ್ಟಾರ್ಟರ್ ಬದಲಿಸಿ ಕುಳಿತವರನ್ನು ನಾನು ಬಲ್ಲೆ.

ಈಗ ಗ್ರೈಂಡಿಂಗ್‌ಗೆ ಬರುತ್ತೇನೆ. ನನ್ನ ಜೀವಮಾನವೆಲ್ಲ ಕಳೆದದ್ದು ಇದರಲ್ಲೇ. ಸವೆದ ಜರ್ನಲನ್ನು ಹತ್ತು ಥೌ ಇಳಿಸಿ ಗ್ರೈಂಡ್ ಮಾಡಿ, ಅದಕ್ಕೆ ಹೊಂದುವಷ್ಟು ದಪ್ಪವಾದ ಶೆಲ್ ಹಾಕುವುದು ರೂಢಿ. ಮತ್ತೆ ಸವೆದರೆ ಇಪ್ಪತ್ತು, ಮೂವತ್ತು, ಕೊನೆಗೆ ನಲವತ್ತು. ನಲವತ್ತು ಥೌ ಎಂದರೆ ಒಂದು ಮಿಲಿಮೀಟರಿಗಿಂತ ಕೂದಲಷ್ಟೇ ಹೆಚ್ಚು. ಬಿ ಸೀರೀಸ್ ಕ್ರ್ಯಾಂಕಿಗೆ ಅಲ್ಲಿಗೆ ಮುಗಿಯಿತು. ಹಾಗಿರುವಾಗ 126 ಥೌ ತೆಗೆದು ಎಂಜಿಬಿಯ ಕ್ರ್ಯಾಂಕನ್ನು ಅಂಬಾಸಿಡರ್‌ಗೆ ಹೊಂದಿಸುವುದೆಂದರೆ ಏನರ್ಥವೆಂದು ನೀವೇ ಊಹಿಸಿ. ಮಷೀನಿಗೆ ಅದು ಅಸಾಧ್ಯವಲ್ಲ. ಕಲ್ಲು ಎಷ್ಟು ಬೇಕಾದರೂ ತಿನ್ನುತ್ತದೆ. ಮಾಲೀಕರಿಗೆ ಸಿಗುವುದೇನು? ಸ್ಟ್ರೋಕ್ ಮೊದಲಿದ್ದಷ್ಟೇ, ಪಿನ್ ಮೊದಲಿದ್ದಷ್ಟೇ, ಮೇನ್ ಮಾತ್ರ ಕೆತ್ತಿ ಸಣ್ಣದಾದ ಶಾಫ್ಟ್. ಇದ್ದ ಅಂಬಾಸಿಡರ್ ಕ್ರ್ಯಾಂಕೇ ವಾಸಿ.

ಗ್ರೈಂಡಿಂಗಿನಲ್ಲಿ ವ್ಯಾಸಕ್ಕಿಂತ ಹೆಚ್ಚಿನ ಅಪಾಯ ಮೂಲೆಯಲ್ಲಿದೆ. ಪಿನ್ನು ತೋಳಿಗೆ ಸೇರುವ ಕಡೆ ಚೌಕ ಮೂಲೆ ಇರಬಾರದು, ಸಣ್ಣ ಗುಂಡನೆಯ ತಿರುವು ಇರಬೇಕು. ಅದನ್ನು ನಾವು ರೇಡಿಯಸ್ ಎನ್ನುತ್ತೇವೆ. ಶಾಫ್ಟ್ ಬಾಗುವಾಗ ಎಲ್ಲ ಒತ್ತಡವೂ ಆ ಮೂಲೆಯಲ್ಲಿ ಬಂದು ಕೂಡುತ್ತದೆ. ಗುಂಡಗಿದ್ದರೆ ಹರಡಿಕೊಳ್ಳುತ್ತದೆ, ಚೂಪಾಗಿದ್ದರೆ ಅಲ್ಲೇ ಬಿರುಕು ಹುಟ್ಟುತ್ತದೆ. ಈ ವಿಷಯವನ್ನು ನಾನು ಕಲಿತದ್ದು ಬೇರೆಯವರ ತಪ್ಪಿನಿಂದಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಖಾನಾಪುರದ ಕಡೆಯ ಒಬ್ಬರ ಟ್ಯಾಕ್ಸಿ ಅಂಬಾಸಿಡರಿನ ಕ್ರ್ಯಾಂಕನ್ನು ನಾನೇ ಇಪ್ಪತ್ತಕ್ಕೆ ಇಳಿಸಿ ಕೊಟ್ಟೆ. ಅಂದು ಕೆಲಸ ಹೆಚ್ಚಿತ್ತು. ಗ್ರೈಂಡಿಂಗ್ ಕಲ್ಲಿನ ಅಂಚನ್ನು ವಜ್ರದ ಮೊನೆಯಿಂದ ಗುಂಡಗೆ ಕೆತ್ತಿಕೊಳ್ಳಬೇಕಿತ್ತು, ‘ಇದೊಂದು ಮುಗಿಯಲಿ’ ಎಂದುಕೊಂಡು ಬಿಟ್ಟೆ. ಮೈಕ್ರೋಮೀಟರಿನಲ್ಲಿ ಅಳತೆ ಅರ್ಧ ಥೌ ಕೂಡ ತಪ್ಪಿರಲಿಲ್ಲ, ಪಾಲಿಶ್ ಕನ್ನಡಿಯ ಹಾಗಿತ್ತು. ಮೂರು ತಿಂಗಳಿಗೆ ಆ ಗಾಡಿ ಚೋರ್ಲಾ ಘಾಟಿನಲ್ಲಿ ನಿಂತಿತು.

ಚಾಲಕ ಹೇಳಿದ ಪ್ರಕಾರ ಏರಿನಲ್ಲಿ ಒಮ್ಮೆಲೇ ದಡದಡ ಸದ್ದು ಶುರುವಾಗಿತ್ತು, ಆದರೂ ಗಾಡಿ ಇನ್ನೂ ಒಂದಿಷ್ಟು ದೂರ ಸಾಗಿತ್ತು. ಬಿಚ್ಚಿ ನೋಡಿದಾಗ ಮೂರನೆಯ ಪಿನ್ನಿನ ಬುಡದಲ್ಲಿ ಶಾಫ್ಟ್ ಎರಡು ತುಂಡಾಗಿತ್ತು. ಓರೆಯಾಗಿ ಮುರಿದ ಎರಡು ಮುಖಗಳು ಒಂದನ್ನೊಂದು ಕಚ್ಚಿಕೊಂಡು ತಿರುಗುತ್ತಿದ್ದುದರಿಂದ ಅಷ್ಟು ದೂರ ಓಡಿತ್ತು. ಆ ತುಂಡು ಇಲ್ಲಿದೆ. ಮುರಿದ ಮುಖದ ಒಂದು ಅಂಚಿನಿಂದ ಅರ್ಧಕ್ಕಿಂತ ಹೆಚ್ಚು ಭಾಗ ನುಣುಪಾಗಿದೆ, ಅದರ ಮೇಲೆ ಬಾಗಿದ ಗೆರೆಗಳ ಸಾಲು ಕಾಣುತ್ತದೆ, ಬೇಸಿಗೆಯಲ್ಲಿ ಕೆರೆಯ ನೀರು ಇಳಿದಂತೆ ದಂಡೆಯ ಮೇಲೆ ಉಳಿಯುವ ಗೆರೆಗಳ ಹಾಗೆ. ಬಿರುಕು ದಿನಕ್ಕಿಷ್ಟು ಮುಂದುವರಿದ ಗುರುತು ಅದು. ಉಳಿದ ಭಾಗ ಮುರಿದ ಬೆಲ್ಲದಂತೆ ತರಿತರಿ. ಕೊನೆಯ ಕ್ಷಣದಲ್ಲಿ ಒಮ್ಮೆಲೇ ಹರಿದದ್ದು ಅಷ್ಟು. ಗೆರೆಗಳೆಲ್ಲ ಯಾವ ಬಿಂದುವಿನ ಕಡೆ ಬಾಗಿವೆ ನೋಡಿ: ನನ್ನ ಚೂಪು ಮೂಲೆಯ ಕಡೆಗೆ. ಹೊಸ ಕ್ರ್ಯಾಂಕಿನ ಖರ್ಚನ್ನು ನಾನು ಕೊಟ್ಟೆ, ಆ ಟ್ಯಾಕ್ಸಿಯವರು ಆಮೇಲೂ ನನ್ನ ಹತ್ತಿರವೇ ಬರುತ್ತಿದ್ದರು ಎಂಬುದು ಅವರ ದೊಡ್ಡತನ.

ಇದಕ್ಕೂ ಬಿಡಿಭಾಗಗಳ ವಿಷಯಕ್ಕೂ ನೇರ ಸಂಬಂಧವಿದೆ. ಬೇರೆ ಎಂಜಿನ್ನಿನ ಶೆಲ್ ಬೇರಿಂಗ್ ವ್ಯಾಸದಲ್ಲಿ ಹೊಂದಿದರೂ ಅಗಲದಲ್ಲಿ ಒಂದು ಕೂದಲಷ್ಟು ಹೆಚ್ಚಿದ್ದರೆ ಅದರ ಅಂಚು ಈ ರೇಡಿಯಸ್ಸಿನ ಮೇಲೆ ಏರಿ ಕೂರುತ್ತದೆ. ಆಗ ಕೈಯಿಂದ ತಿರುಗಿಸುವಾಗಲೇ ಶಾಫ್ಟ್ ಬಿಗಿಯಾಗುತ್ತದೆ. ಕೆಲವರು ಅದನ್ನು ‘ಹೊಸ ಬೇರಿಂಗ್, ಓಡಿದರೆ ಸಡಿಲಾಗುತ್ತದೆ’ ಎಂದು ಬಿಡುತ್ತಾರೆ. ಹಾಗೆ ಬಿಡಬಾರದು. ಶೆಲ್ಲಿನ ಕಿವಿ ಕೂರುವ ಕಚ್ಚು, ಎಣ್ಣೆಯ ರಂಧ್ರದ ಜಾಗ, ಇವೂ ಒಂದಕ್ಕೊಂದು ನೇರ ಬರಬೇಕು. ಜರ್ನಲ್ ಮತ್ತು ಬೇರಿಂಗಿನ ನಡುವಿನ ಸಂದಿಗೆ ನಮ್ಮ ಕೈ ಲೆಕ್ಕ, ಒಂದು ಇಂಚು ವ್ಯಾಸಕ್ಕೆ ಒಂದು ಥೌ; ಎರಡು ಇಂಚಿನ ಜರ್ನಲ್‌ಗೆ ಎರಡು ಥೌ ಆಸುಪಾಸು. ಅಷ್ಟು ತೆಳುವಾದ ಎಣ್ಣೆಯ ಪದರದ ಮೇಲೆ ಕ್ರ್ಯಾಂಕಿನ ಹೊರೆಯೆಲ್ಲ ತೇಲುತ್ತಿರುತ್ತದೆ.

ಲೋಹದ ಬಗ್ಗೆ ಬೆಳಗಾವಿಯವರಿಗೆ ಹೇಳುವುದು ಗಂಗೆಗೆ ನೀರು ಒಯ್ದಂತೆ. ಇಲ್ಲಿನ ಫೌಂಡ್ರಿಗಳು, ಮಷೀನ್ ಶಾಪುಗಳು ಕ್ರ್ಯಾಂಕ್ ಕೆಲಸದಿಂದಲೇ ಹೆಸರು ಮಾಡಿವೆ. ಆದರೂ ಕೊಳ್ಳುವವರಿಗಾಗಿ ಒಂದು ಗುರುತು ಹೇಳುತ್ತೇನೆ. ಕ್ರ್ಯಾಂಕಿನ ಮಷೀನ್ ಆಗದ ತೋಳುಗಳ ಮೇಲೆ ಒಂದು ಗೆರೆ ಇರುತ್ತದೆ. ಅದು ಸಪೂರವಾಗಿ, ದಾರ ಎಳೆದಂತಿದ್ದರೆ ಎರಕದ ಶಾಫ್ಟ್. ಬೆರಳಗಲದ ಪಟ್ಟಿಯಂತೆ, ಉಜ್ಜಿ ತೆಗೆದ ಗುರುತಿನಂತಿದ್ದರೆ ಬಡಿದು ಮಾಡಿದ ಫೋರ್ಜಿಂಗ್. ಎರಕದ್ದು ಕೀಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗುಂಡು ಗ್ರ್ಯಾಫೈಟಿನ ಎಸ್‌ಜಿ ಐರನ್ ಬಂದ ಮೇಲೆ ಎರಕದ ಕ್ರ್ಯಾಂಕ್ ಲಕ್ಷಾಂತರ ಗಾಡಿಗಳಲ್ಲಿ ನೆಮ್ಮದಿಯಿಂದ ಓಡಿದೆ. ಮೂಲದಲ್ಲಿ ಫೋರ್ಜಿಂಗ್ ಇದ್ದ ಎಂಜಿನ್ನಿಗೆ ಯಾರೋ ಅಗ್ಗದ ಎರಕವನ್ನು ಮೂಲ ಭಾಗವೆಂದು ಮಾರುತ್ತಿದ್ದರೆ ಮಾತ್ರ ಪ್ರಶ್ನೆ ಕೇಳಬೇಕು. ಶಾಫ್ಟನ್ನು ಹಗ್ಗದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಒಳ್ಳೆಯ ಫೋರ್ಜಿಂಗ್ ಗುಡಿಯ ಗಂಟೆಯಂತೆ ನಾದ ಬಿಡುತ್ತದೆ, ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ಇದು ಮೊದಲ ಪರೀಕ್ಷೆ ಮಾತ್ರ; ಹಣ ಕೊಡುವ ಮೊದಲು ಮ್ಯಾಗ್ನೆಟಿಕ್ ಪರೀಕ್ಷೆ ಮಾಡಿಸಿ. ಕಾಂತವಾದ ಶಾಫ್ಟಿನ ಮೇಲೆ ಕಬ್ಬಿಣದ ಪುಡಿಯ ದ್ರಾವಣ ಸುರಿದರೆ ಕಣ್ಣಿಗೆ ಕಾಣದ ಬಿರುಕಿನ ಉದ್ದಕ್ಕೂ ಪುಡಿ ಸಾಲುಗಟ್ಟಿ ನಿಲ್ಲುತ್ತದೆ.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ: ಅವರ ಅಜ್ಜನ ಹೆರಾಲ್ಡಿನಲ್ಲಿ ಕ್ಲಚ್ ಒತ್ತಿದಾಗ ಮುಂದಿನ ಪುಲ್ಲಿ ಸ್ವಲ್ಪ ಮುಂದಕ್ಕೆ ಸರಿಯುತ್ತದೆ, ಬಿಟ್ಟರೆ ಹಿಂದೆ ಹೋಗುತ್ತದೆ, ಇದಕ್ಕೆ ಬೇರೆ ಕ್ರ್ಯಾಂಕ್ ಹಾಕಬೇಕೇ? ಅಜ್ಜನಿಗೆ ತಿಳಿಸಿ ಎಂದು ನಾನು ಹೇಳಿದ ಉತ್ತರ, ‘ಕಾಕಾ, ಮೊದಲ ಗಾಡಿ ನಿಲ್ಲಸ್ರಿ.’ ಕ್ಲಚ್ ಒತ್ತಿದಾಗ ಅದರ ಒತ್ತಡ ಕ್ರ್ಯಾಂಕನ್ನು ಮುಂದಕ್ಕೆ ತಳ್ಳುತ್ತದೆ. ಅದನ್ನು ತಡೆಯುವುದು ಅರ್ಧಚಂದ್ರದ ಆಕಾರದ ಥ್ರಸ್ಟ್ ವಾಷರುಗಳು. ಅಂಬಾಸಿಡರ್‌ನಲ್ಲಿ ಅವು ನಡುವಿನ ಮೇನ್ ಬೇರಿಂಗಿನಲ್ಲಿವೆ, ಹೆರಾಲ್ಡಿನಲ್ಲಿ ಹಿಂದಿನದರಲ್ಲಿ. ಹೆರಾಲ್ಡಿನವು ಸವೆದು ತೆಳುವಾದರೆ ಕಳಚಿ ಆಯಿಲ್ ಚೇಂಬರಿಗೆ ಬೀಳುತ್ತವೆ. ಆಮೇಲೆ ಕ್ರ್ಯಾಂಕ್ ನೇರವಾಗಿ ಬ್ಲಾಕನ್ನೇ ಉಜ್ಜುತ್ತದೆ, ಬ್ಲಾಕ್ ಹೋದ ಮೇಲೆ ಯಾವ ಕ್ರ್ಯಾಂಕ್ ತಂದರೂ ಪ್ರಯೋಜನವಿಲ್ಲ. ಮರುದಿನ ಆ ವಿದ್ಯಾರ್ಥಿನಿ ಡಯಲ್ ಗೇಜ್ ಇಟ್ಟು ಅಳೆದು ಫೋನ್ ಮಾಡಿದರು. ಚೇಂಬರ್ ಬಿಚ್ಚಿದಾಗ ಒಂದು ವಾಷರ್ ಆಗಲೇ ಕೆಳಗೆ ಬಿದ್ದಿತ್ತಂತೆ, ಇನ್ನೊಂದು ಬೆರಳಿನಿಂದ ಮುಟ್ಟಿದೊಡನೆ ಕೈಗೆ ಬಂತಂತೆ. ಕ್ರ್ಯಾಂಕ್ ಚೆನ್ನಾಗಿಯೇ ಇದೆ, ಬ್ಲಾಕಿಗೂ ಇನ್ನೂ ಗಾಯವಾಗಿಲ್ಲ.